ಅಪ್ಪನ ಉಯಿಲು, ಅಮ್ಮನ ಬಿಡ್ತು

ಸ್ನೇಹಿತರೇ, ಅಪ್ಪ ಉಯಿಲು ಬರೆಸಲು ಹೊರಟರೆ ದಯವಿಟ್ಟು ಅಮ್ಮನನ್ನು ಜೊತೆಗೆ ಕರೆದೊಯ್ಯಬೇಡಿ.

ಇವತ್ತು ಶಿಡ್ಲಘಟ್ಟದಲ್ಲಿ ಪತ್ರ ಬರಹಗಾರರ ಮುಂದೆ ಮೂವರೂ ಕೂತಿದ್ದೆವು. ಹೋದ ತಿಂಗಳು ಅಪ್ಪನಿಗೆ ಸಣ್ಣದಾಗಿ ಸ್ಟ್ರೋಕ್ ಆಗಿತ್ತು. ಕೈಯಲ್ಲಿ ಸಹಿ ಮಾಡುವ ಶಕ್ತಿ ಇರುವಾಗಲೇ ಮನೆಯನ್ನು ಅಮ್ಮನಿಗೆ ಬರೆದಿಡಬೇಕೆಂಬುದು ಅವರ ಹಟ. "ನಾನು ಹೋದ್ಮೇಲೆ ನಿಮ್ಮಮ್ಮ ಯಾರ ಮನೇಲೋ ಇದ್ದಂಗೆ ಇರ್ಬಾರ್ದು ಕಣಪ್ಪ" ಎಂದಿದ್ದರು ನನಗೆ.

ಬರಹಗಾರರು "ನನ್ನ ಮರಣಾನಂತರ" ಎಂದು ಓದಿದ್ದೇ ತಡ, ಅಮ್ಮ ಅಪ್ಪನ ತೋಳು ತಿವಿದು "ಬಿಡ್ತು ಅನ್ರೀ" ಎಂದಳು. ಅಪ್ಪ ಅಂದರು. ಆ ಒಂದೇ ಹಾಳೆಯಲ್ಲಿ ನಾಲ್ಕು ಸಲ ಮರಣ ಬಂತು. ನಾಲ್ಕು ಸಲವೂ ಅಪ್ಪ ಬೇಸರವಿಲ್ಲದೆ ಬಿಡ್ತು ಅಂದರು.

ಕೊನೆಗೆ ಬರಹಗಾರರು ತಲೆ ಎತ್ತಿ, "ಒಂದ್ವೇಳೆ ನಿಮಗಿಂತ ಮುಂಚೆ ಅಮ್ಮಾವ್ರೇ ಹೋಗ್ಬಿಟ್ರೆ ಮನೆ ಯಾರಿಗೆ ಅಂತ ಬರೀಲಿ?" ಎಂದು ಕೇಳಿದರು.

ಅಪ್ಪ ಕೋಲು ಊರಿ ಎದ್ದೇ ನಿಂತರು. ಇನ್ನೂ ಸರಿಯಾಗಿ ತಿರುಗದ ನಾಲಿಗೆಯಲ್ಲೇ ಗುಡುಗಿದರು: "ಮೊದ್ಲು ಬಿಡ್ತು ಅನ್ನಪ್ಪ ನೀನು!"

ಪಾಪ, ಅವರು ಬಿಡ್ತು ಅಂದು ಆ ಸಾಲನ್ನೇ ಕೈಬಿಟ್ಟರು.

ತಿದ್ದುಪಡಿ: ಅಪ್ಪನನ್ನೂ ಕರೆದೊಯ್ಯಬೇಡಿ.