ಬಿಸಿಲು ಕಾಣದ ಬಟ್ಟೆ

ಬೆಳಗಿನ ಐದೂವರೆ. ಸೈಕಲ್ ರಿಪೇರಿ ಅಂಗಡಿಯ ಮೇಲಿನ ಕೋಣೆಯಲ್ಲಿ ಹೊಲಿಗೆ ಯಂತ್ರ ಆಗಲೇ ಓಡುತ್ತಿದೆ. ಮೂರು ಪದರ ಹತ್ತಿಬಟ್ಟೆ, ಕೆಳಗೊಂದು ನೀರು ಇಳಿಯದ ಬಟ್ಟೆ, ಎರಡು ರೆಕ್ಕೆ, ರೆಕ್ಕೆಯ ತುದಿಗೆ ಟಿಚ್ ಬಟನ್. ಏಳಕ್ಕೆ ಮಗಳು ಏಳುವಷ್ಟರಲ್ಲಿ ಹನ್ನೆರಡು ಮುಟ್ಟಿನ ಪ್ಯಾಡ್ ಮುಗಿಯಬೇಕು. ಯಂತ್ರದ ಮುಂದೆ ಕೂತ ಈಕೆಯನ್ನು ಬೀದಿಯವರು ಪ್ಯಾಡಕ್ಕ ಎನ್ನುತ್ತಾರೆ. ಕೆಲವರು ಪ್ರೀತಿಯಿಂದ, ಹೆಚ್ಚಿನವರು ಕಿಸಕ್ಕನೆ ನಕ್ಕು.

ಮಗಳು ಶಾಲೆಯಲ್ಲಿ ಅಮ್ಮ ಟೈಲರ್ ಎಂದಷ್ಟೇ ಹೇಳಿದ್ದಾಳೆ. ಗಂಡ ಕಾವಲುಗಾರ. "ಹೊಲಿ, ಆದ್ರೆ ಬಾಗಿಲು ಹಾಕ್ಕೊಂಡು ಹೊಲಿ" ಎನ್ನುವಷ್ಟು ಉದಾರಿ.

ಪ್ಯಾಡಕ್ಕ ಹನ್ನೊಂದು ವರ್ಷ ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಕಾಲರ್ ಹೊಲಿದವರು. ಅಲ್ಲಿ ಶೌಚಕ್ಕೆ ಹೋಗಲು ಟೋಕನ್ ಬೇಕು. ಸಾಲಿನ ಮೂವತ್ತು ಹೆಂಗಸರಿಗೆ ಎರಡೇ ಟೋಕನ್. ಮುಟ್ಟಾದಾಗ ಕತ್ತರಿಸುವ ಮೇಜಿನ ಕೆಳಗೆ ಬಿದ್ದ ಚಿಂದಿಯನ್ನೇ ಮಡಚಿ ಇಟ್ಟುಕೊಳ್ಳುತ್ತಿದ್ದರು, ಸಂಜೆಯವರೆಗೂ ಅದೇ. ಸೋಂಕು ಹತ್ತಿತು, ಒಳಗೆ ಏರಿತು. ಮೂವತ್ತೊಂದನೇ ವಯಸ್ಸಿಗೆ ಗರ್ಭಕೋಶ ತೆಗೆದರು. "ಇಷ್ಟು ದಿನ ಏನಮ್ಮಾ ಮಾಡ್ತಿದ್ದೆ ಅಂತ ಡಾಕ್ಟ್ರು ಬೈದ್ರು. ಕಾಲರ್ ಹೊಲೀತಿದ್ದೆ ಸಾರ್ ಅಂದೆ."

ಈಗ ಆರು ಶಾಲೆ, ಎರಡು ಹಾಸ್ಟೆಲ್, ಹುಡುಗಿಯರಿಗೆ ಮುಟ್ಟಿನ ಬಗ್ಗೆ ವಾರಕ್ಕೆ ಮೂರು ಪಾಠ. ಬೋರ್ಡಿನ ಮೇಲೆ ಅವರು ಬಿಡಿಸುವ ಗರ್ಭಕೋಶ ಮೇಕೆಯ ತಲೆಯಂತಿದೆ ಎಂದು ಹುಡುಗಿಯರು ನಗುತ್ತಾರೆ. "ನಗ್ಲಿ ಬಿಡಿ, ಮೇಕೆ ಅಂತಾದ್ರೂ ನೆನಪಿರುತ್ತೆ." ಬೀದಿಯ ಹೆಂಗಸರ ನಾಲಿಗೆ ಇನ್ನೂ ಹರಿತ: "ತನ್ನ ಅಂಗಡಿಗೇ ಬೀಗ, ಊರಿಗೆಲ್ಲ ವ್ಯಾಪಾರ ಕಲಿಸ್ತಾಳೆ."

ಮೊದಲು ಬಿಳಿ ಪ್ಯಾಡ್ ಹೊಲಿದಾಗ ಒಬ್ಬರೂ ಕೈಗೆ ತೆಗೆದುಕೊಳ್ಳಲಿಲ್ಲ. ಕಲೆ ಕಾಣುತ್ತದೆ ಎಂದರು. ಪ್ಯಾಡಕ್ಕ ಕಡುಗೆಂಪು ಬಟ್ಟೆಗೆ ಬದಲಿಸಿದರು. ವಾರದೊಳಗೆ ಒಂದು ಹಾಸ್ಟೆಲಿನ ನಲವತ್ತೂ ಹುಡುಗಿಯರು ತೆಗೆದುಕೊಂಡರು. ಕಲೆ ಕಾಣದ ಬಟ್ಟೆಯಲ್ಲಿ ಕೊಳೆಯೂ ಕಾಣಲಿಲ್ಲ. ಮಂದ ಬಲ್ಬಿನ ಬಚ್ಚಲಲ್ಲಿ ಅರೆಬರೆ ತೊಳೆದು, ಮಂಚದ ಕೆಳಗೆ ಟ್ರಂಕಿನ ಹಿಂದೆ ಹರವಿ, ಹಸಿ ಇರುವಾಗಲೇ ಮತ್ತೆ ಹಾಕಿಕೊಂಡರು. ಎರಡು ತಿಂಗಳಲ್ಲಿ ಹದಿನಾಲ್ಕು ಹುಡುಗಿಯರಿಗೆ ತುರಿಕೆ, ಹುಣ್ಣು. ಒಬ್ಬಳು ಒಂಬತ್ತು ದಿನ ಆಸ್ಪತ್ರೆಯಲ್ಲಿದ್ದಳು. ಮನೆಯವರು ಅಲ್ಲಿಂದಲೇ ಕರೆದೊಯ್ದು ಓದು ಬಿಡಿಸಿದರು.

"ಬಿಸಿಲಿಗೆ ಹಾಕಿ ಅಂತ ನೂರು ಸಲ ಹೇಳ್ದೆ. ಆ ಹಾಸ್ಟೆಲಲ್ಲಿ ಬಿಸಿಲು ಎಲ್ಲಿ ಬೀಳುತ್ತೆ ಅಂತ ಒಂದ್ಸಲನೂ ನೋಡ್ಲಿಲ್ಲ. ಬಣ್ಣ ಬದಲಾಯಿಸಿದ್ದೂ ನಾನೇ. ತಪ್ಪು ನಂದೇ," ಎನ್ನುತ್ತಾರೆ. ಪೆಡಲ್ ತುಳಿಯುವ ಕಾಲು ಮಾತ್ರ ನಿಲ್ಲುವುದಿಲ್ಲ.

ಹತ್ತು ಗಂಟೆಗೆ, ಕೊಳೆ ಕಂಡರೆ ತೊಳೆದಾರೆಂದು ಮತ್ತೆ ಬಿಳಿ ಬಟ್ಟೆಯಲ್ಲೇ ಹೊಲಿದ ನಲವತ್ತು ಪ್ಯಾಡುಗಳ ಚೀಲ ಹೊತ್ತು ಅದೇ ಹಾಸ್ಟೆಲಿನ ವಾರ್ಡನ್ ಮುಂದೆ ನಿಲ್ಲುತ್ತಾರೆ. ಬೇಕಿರುವುದು ತಾರಸಿಯಲ್ಲಿ ಹಗ್ಗ ಕಟ್ಟಲು ಅನುಮತಿ.

"ಹಗ್ಗ ನಾನೇ ತಂದಿದೀನಿ ಮೇಡಂ, ನಾನೇ ಕಟ್ತೀನಿ."

"ಎದುರಿಗೇ ಆಫೀಸು. ಗಂಡಸ್ರು ಕಿಟಕಿ ಪಕ್ಕಾನೇ ಕೂರ್ತಾರೆ. ನಾಳೆ ಮಾತು ಬಂದ್ರೆ ಉತ್ತರ ಕೊಡೋರು ಯಾರು?"

"ಲಂಗ, ಟವೆಲ್ ಎಲ್ಲಾ ಅಲ್ಲೇ ಒಣಗ್ತಿದೆಯಲ್ಲಾ ಮೇಡಂ."

"ಅದೂ ಇದೂ ಒಂದೇನಾ? ಕೈ ಮುಗೀತೀನಿ ಕಣಮ್ಮಾ, ನಿಮ್ಮ ಪಾಠನೂ ಬೇಡ, ಪ್ಯಾಡೂ ಬೇಡ. ಇನ್ನು ಈ ಕಡೆ ಬರ್ಬೇಡಿ."

ವಾರ್ಡನ್ ದನಿಯಲ್ಲಿ ಸಿಟ್ಟಿಗಿಂತ ಹೆದರಿಕೆಯೇ ಹೆಚ್ಚು. ಹೆದರಿದವರ ಜೊತೆ ಜಗಳವಾಡುವುದು ಹೇಗೆಂದು ಪ್ಯಾಡಕ್ಕನಿಗೆ ಗೊತ್ತಿಲ್ಲ.

ಗೇಟು ದಾಟುವಾಗ ಕೆಳಗಿನ ಕಿಟಕಿಯ ಸರಳಿನಿಂದ ಕೈಯೊಂದು ಹೊರಬರುತ್ತದೆ. "ಅಕ್ಕಾ, ಒಂದು ಪ್ಯಾಡ್ ಕೊಡಿ, ಬೇಗ." ಪ್ಯಾಡಕ್ಕ ಚೀಲ ಬಿಚ್ಚುತ್ತಾರೆ. ಹುಡುಗಿ ನೋಡಿ ಕೈ ಹಿಂದೆಳೆದುಕೊಳ್ಳುತ್ತಾಳೆ. "ಬಿಳಿ ಬೇಡ ಅಕ್ಕಾ. ಕೆಂಪಿದ್ರೆ ಕೊಡಿ."

ಮಧ್ಯಾಹ್ನ ಮತ್ತೆ ಯಂತ್ರದ ಮುಂದೆ ಕೂತಿದ್ದಾರೆ. ದಾರ ಪೋಣಿಸುವುದು ಎರಡು ಸಲ ತಪ್ಪುತ್ತದೆ.

"ಕೆಂಪಿಲ್ಲ ಅಂದೆ. ಇತ್ತು, ಚೀಲದ ತಳದಲ್ಲಿ ಎರಡು ಉಳಿದಿತ್ತು. ಕೊಡೋಕೆ ಕೈ ಬರ್ಲಿಲ್ಲ. ಆಮೇಲೆ ಕಿಟಕಿ ಹಾಕ್ಕೊಂಡ್ಲು."

ಇನ್ನು ಮುಂದೇನು, ಏನಾದರೂ ಆಸೆ ಇದೆಯೇ ಎಂದು ಕೇಳಿದರೆ ದಾರದ ತುದಿಯನ್ನು ಮತ್ತೊಮ್ಮೆ ಸೂಜಿಗೆ ಹಿಡಿಯುತ್ತಾರೆ.

"ದೊಡ್ಡ ಆಸೆ ಏನಿಲ್ಲ. ಆ ಹುಡುಗಿ ಇವತ್ತು ಏನು ಇಟ್ಕೊಂಡ್ಲೋ, ಅಷ್ಟು ಗೊತ್ತಾದ್ರೆ ಸಾಕು."