ಚಿಗರಿ ಬಂದೂಕು ಮತ್ತು ಪಂಚಾಂಗದ ಹಾಳೆ

ಬೆಳಿಗ್ಗೆ ಸಂಧ್ಯಾವಂದನೆ ಮುಗಿಸಿ ನಾನು ಫೋನು ಹಿಡಿದು ಕೂತರೆ, ಮನೆಗೆ ಬಂದವರು ಮಾಸ್ತರರು ಏನೋ ಸ್ತೋತ್ರ ಕೇಳುತ್ತಿದ್ದಾರೆ ಅಂದುಕೊಳ್ಳುತ್ತಾರೆ. ನಿಮ್ಮಲ್ಲಿ ಮುಚ್ಚಿಡುವುದೇನು, ನಾನು ನೋಡುತ್ತಿರುವುದು ಬಂದೂಕುಗಳನ್ನು. ಮೂವತ್ತು ವರ್ಷ ಬೈಲಹೊಂಗಲದ ಮಕ್ಕಳಿಗೆ ಸಂಸ್ಕೃತ ಕಲಿಸಿ ನಿವೃತ್ತನಾದ, ಹಲ್ಲಿಗೂ ಕಲ್ಲೆಸೆಯದ ಮನುಷ್ಯ ನಾನು. ಆದರೂ ಸಣ್ಣ ನಳಿಗೆಯ ರೈಫಲುಗಳಲ್ಲಿ ಯಾವುದು ಹಗುರ, ಯಾವುದು ಹೆಗಲಿಗೆ ಒದೆಯುವುದಿಲ್ಲ, ಯಾವುದರ ಹಿಡಿ ಅಕ್ರೋಟು ಮರದ್ದು ಎಂದು ಕೇಳಿ ನೋಡಿ, ನಿದ್ದೆಗಣ್ಣಿನಲ್ಲೂ ಹೇಳುತ್ತೇನೆ. ಹೆಂಡತಿ ಸುಧಾ ಒಂದು ದಿನ ನನ್ನ ಬೆನ್ನ ಹಿಂದೆ ನಿಂತು ಇದನ್ನು ನೋಡಿಬಿಟ್ಟಳು. "ಬಾಳಿಹಣ್ಣು ಸುಲಿಲಿಕ್ಕೂ ಚಷ್ಮಾ ಹುಡುಕತೀರಿ. ನಿಮಗ ಬಂದೂಕ ಯಾಕ ಬೇಕ್ರಿ?" ಎಂದಳು.

ಯಾಕೆ ಬೇಕು ಎಂಬುದಕ್ಕೆ ನನ್ನಲ್ಲಿ ಉತ್ತರವಿತ್ತು. ನಮ್ಮ ಮನೆಯಲ್ಲಿ ಬಂದೂಕು ಹೊಸದಲ್ಲ. ನನ್ನ ಅಜ್ಜ ಪೌರೋಹಿತ್ಯ ಮಾಡುತ್ತಿದ್ದವರು. ಕಿತ್ತೂರಿನ ಆಚೆ ಒಬ್ಬ ದೇಸಾಯರ ಮನೆಯಲ್ಲಿ ದೊಡ್ಡ ಶಾಂತಿ ಮಾಡಿಸಿದಾಗ, ಗೋದಾನಕ್ಕೆಂದು ನಿಲ್ಲಿಸಿದ ಹಸು ಹಗ್ಗ ಕಿತ್ತುಕೊಂಡು ಓಡಿಹೋಯಿತಂತೆ. ಮುಹೂರ್ತ ಮೀರುತ್ತಿತ್ತು. ದೇಸಾಯರು ಗೋಡೆಗೆ ತೂಗುಹಾಕಿದ್ದ ತಮ್ಮ ಪ್ರೀತಿಯ ಚಿಗರಿ ಬಂದೂಕನ್ನೇ, ಎಂದರೆ ಜಿಂಕೆ ಹೊಡೆಯುವ ಬಂದೂಕನ್ನೇ, ಇಳಿಸಿ, ನೀರು ಬಿಟ್ಟು ಕೊಟ್ಟರಂತೆ. ಕಿರುಬೆರಳೂ ತೂರದಷ್ಟು ಸಣ್ಣ ನಳಿಗೆಯ ಇಂಗ್ಲಿಷ್ ರೈಫಲು ಅದು. ನೀರು ಬಿಟ್ಟು ಕೊಟ್ಟ ದಾನವನ್ನು ಬೇಡ ಎನ್ನುವಂತಿಲ್ಲ. ಹಾಲು ಕೊಡುವುದು ಬರಬೇಕಾಗಿದ್ದ ನಮ್ಮ ಮನೆಗೆ ಹೀಗೆ ಚಿಗರಿ ಕೊಲ್ಲುವುದು ಬಂತು.

ಅದರ ಕಾಡತೂಸು ಈ ಕಡೆ ಎಲ್ಲೂ ಸಿಗುತ್ತಿರಲಿಲ್ಲ. ಅಜ್ಜ ಖಾಲಿ ಹಿತ್ತಾಳೆ ಚಿಪ್ಪುಗಳಿಗೆ ತಾವೇ ಮದ್ದು ತುಂಬುತ್ತಿದ್ದರು. ದೇವರ ಪಾತ್ರೆಗಳಂತೆ ಚಿಪ್ಪುಗಳನ್ನು ಹುಣಸೆಹಣ್ಣಿನಿಂದ ಉಜ್ಜಿ, ಬಿಸಿಲಿಗೆ ಒಣಗಿಸಿ, ಹಳೆಯದೊಂದು ಉದ್ಧರಣೆಯಿಂದ ಮದ್ದು ಅಳೆಯುತ್ತಿದ್ದರಂತೆ. ಆಮೇಲೆ ಸ್ನಾನ, ಆಮೇಲೆಯೇ ಪೂಜೆ. ಅಜ್ಜ ಒಂದು ಸಲ ಹೊಡೆದರೆ ಹದಿನೈದು ದಿನ ಚಿಗರಿ ನಮ್ಮ ಹೊಲದ ಕಡೆ ತಲೆ ಹಾಕುತ್ತಿರಲಿಲ್ಲ ಎಂದು ಅಪ್ಪ ಹೇಳುತ್ತಿದ್ದರು. ಅವರ ಗುರಿಯ ಬಗ್ಗೆ ನಾನು ತರಗತಿಯಲ್ಲಿ ಎಷ್ಟು ಕೊಚ್ಚಿಕೊಂಡಿದ್ದೇನೋ, ಆ ಹುಡುಗರೇ ಹೇಳಬೇಕು. ಅಪ್ಪನ ಕಾಲದಲ್ಲಿ ಮಾತ್ರ ಬಂದೂಕು ಹಳೇ ಧೋತರ ಸುತ್ತಿಕೊಂಡು ಮಲಗಿತು. ಪ್ರತಿ ಚುನಾವಣೆಗೂ ಪೊಲೀಸ್ ಠಾಣೆಗೆ ಹೋಗಿ ಜಮಾ ಆಗುವುದೊಂದೇ ಅದರ ತಿರುಗಾಟ. ಈಗ ಬೆಳೆ ರಕ್ಷಣೆಯ ಲೈಸೆನ್ಸು ನನ್ನ ಹೆಸರಿಗೆ ಬಂದಿದೆ.

ಬೆಳೆ ಅಂದೆನಲ್ಲ, ಅದನ್ನು ಬೆಳೆಯುವವನು ಹುಸೇನಸಾಬ. ಮುನವಳ್ಳಿಯ ಹತ್ತಿರ, ನವಿಲುತೀರ್ಥದ ಹಿನ್ನೀರಿನಿಂದ ಸ್ವಲ್ಪ ಮೇಲೆ, ನಮ್ಮ ನಾಲ್ಕು ಎಕರೆ ಎರೆಹೊಲವಿದೆ. ಅವನ ಅಜ್ಜನ ಕಾಲದಿಂದ ಅವರೇ ಪಾಲಿಗೆ ಮಾಡುತ್ತ ಬಂದಿದ್ದಾರೆ. ಕಳೆದ ಎರಡು ವರ್ಷ ಹಿಂಗಾರಿಯ ಕಡಲೆಯನ್ನು ಚಿಗರಿಯ ಹಿಂಡು ಬಂದು ಚಿಗುರಿನಲ್ಲೇ ಬೋಳಿಸಿಬಿಟ್ಟಿತು. ಬೇಲಿಗೆ ಕರೆಂಟು ಬಿಡು ಎಂದು ಪಕ್ಕದ ಹೊಲದವರು ಹೇಳಿದಾಗ, ಜೀವ ತೆಗೆದ ಕಡಲೆ ತನ್ನ ಗಂಟಲಲ್ಲಿ ಇಳಿಯುವುದಿಲ್ಲ ಎಂದು ಅವನು ಜಗಳವಾಡಿದನಂತೆ. ಈ ಸಲ ಕಡಲೆ ಹೂ ಬಿಡುವ ಹೊತ್ತಿಗೆ ನನ್ನಲ್ಲಿಗೆ ಬಂದು, ಚಹಾ ಕಪ್ಪು ಕೆಳಗಿಟ್ಟು ಹೇಳಿದ:

"ಈ ವರ್ಷಾನೂ ತಿಂದ್ವು ಅಂದ್ರ ನಾ ಹೊಲಾ ಬಿಡತೇನ್ರಿ ಮಾಸ್ತರ್ರ. ತಮ್ಮನ ಜೋಡಿ ಟೆಂಪೋ ಹೊಡಿತೇನಿ."

ಅವನು ಬಿಟ್ಟರೆ ಆ ಹೊಲ ಯಾರದೋ ಲೇಔಟು ಆಗುತ್ತದೆ, ಅಷ್ಟೇ. ಹೊಲಕ್ಕಿಂತ ಹೆಚ್ಚಾಗಿ, ಹುಸೇನಸಾಬ ಬಾರದ ಸುಗ್ಗಿಯನ್ನು ನೆನೆಸಿಕೊಳ್ಳುವುದು ನನ್ನಿಂದ ಆಗಲಿಲ್ಲ. ಆದರೆ ಮನುಷ್ಯನ ಮನಸ್ಸು ನೋಡಿ, ಆ ದುಃಖದ ಮೂಲೆಯಲ್ಲೇ ಹೊಸ ರೈಫಲು ಕೊಳ್ಳಲು ಒಂದು ನೆಪ ಸಿಕ್ಕಿತಲ್ಲ ಎಂಬ ಸಂತೋಷವೂ ಇತ್ತು.

ಸಂಸ್ಕೃತದಲ್ಲಿ ಮೃಗ ಎಂಬ ಮಾತಿನ ಬೇರಿಗೆ ಹುಡುಕುವುದು ಎಂಬ ಅರ್ಥವಿದೆ. ಮನುಷ್ಯ ಹುಡುಕಿಕೊಂಡು ಹೋಗುತ್ತಿದ್ದುದೇ ಮೃಗ. ಈಗ ಅದೇ ನಮ್ಮನ್ನು ಹುಡುಕಿಕೊಂಡು ಬರುತ್ತದೆ. ಕೃಷ್ಣಮೃಗ, ಅಂದರೆ ನಮ್ಮ ಈ ಚಿಗರಿಯೇ, ತಾನಾಗಿ ಅಲೆದಾಡುವ ನೆಲ ಯಜ್ಞಕ್ಕೆ ಯೋಗ್ಯ ಎಂದು ಹಳೆಯ ಶಾಸ್ತ್ರದವರು ಹೇಳಿದ್ದಾರೆ. ಕಡಲೆಗೆ ಯೋಗ್ಯವೋ ಅಲ್ಲವೋ ಎಂಬುದನ್ನು ಮಾತ್ರ ಅವರು ಹೇಳಲಿಲ್ಲ. ಇನ್ನು ಈಗಿನ ಶಾಸ್ತ್ರ, ಎಂದರೆ ಕಾಯ್ದೆ, ಚಿಗರಿಯನ್ನು ಮುಟ್ಟಿದರೆ ಜೈಲು ಎನ್ನುತ್ತದೆ. ಮತ್ತೆ ಬಂದೂಕು ತಗೊಂಡು ಏನು ಮಾಡುತ್ತೀ ಎಂದು ನೀವು ಕೇಳಬಹುದು. ನಾನು ಮಾತ್ರ ಅದನ್ನು ಕೇಳಿಕೊಂಡಿರಲಿಲ್ಲ.

ಹಳೆಯದನ್ನು ಕೊಟ್ಟು ಹೊಸದು ತರುವ ಅಂದಾಜಿನಿಂದ ರಾಮದುರ್ಗದಲ್ಲಿ ಬಂದೂಕು ರಿಪೇರಿ ಮಾಡುವ ಒಬ್ಬ ಮುದುಕ ಮಿಸ್ತ್ರಿಯ ಹತ್ತಿರ ಹೋದೆ. ಜೊತೆಗೆ ಅಜ್ಜ ತಮ್ಮ ಕೈಯಿಂದ ತುಂಬಿಟ್ಟಿದ್ದ ಕೊನೆಯ ಆರು ಕಾಡತೂಸುಗಳಿದ್ದ ಡಬ್ಬಿಯನ್ನೂ ಒಯ್ದಿದ್ದೆ. ಮಿಸ್ತ್ರಿ ಒಂದನ್ನು ಎತ್ತಿ, ತುದಿ ನೋಡಿ, ಹುಬ್ಬು ಗಂಟಿಕ್ಕಿದ. ಗುಂಡು ಇರಬೇಕಾದ ಕಡೆ ಕಪ್ಪಗಾದ ಜೇನುಮೇಣ ಇತ್ತು. ಹುಷಾರಾಗಿ ಅದನ್ನು ಬಿಡಿಸಿದರೆ ಕೆಳಗೆ ಒತ್ತಿ ಒತ್ತಿ ತುಂಬಿದ ಕಾಗದದ ಉಂಡೆ. ಬಿಚ್ಚಿದೆ. ಪಂಚಾಂಗದ ಚೂರು, ಪೂರ್ವಾಷಾಢಾ ನಕ್ಷತ್ರ ಇಷ್ಟು ಘಳಿಗೆ ಎಂದು ಇನ್ನೂ ಓದಲು ಬರುತ್ತಿತ್ತು. ಆರನ್ನೂ ಬಿಚ್ಚಿದ್ದಾಯಿತು, ಆರರಲ್ಲೂ ಪಂಚಾಂಗ.

"ನಿಮ್ಮ ಅಜ್ಜಾರು ಗುಂಡ ಹಾಕೇ ಇಲ್ರಿ," ಎಂದ ಮಿಸ್ತ್ರಿ. "ಬರೇ ಸಪ್ಪಳಾ ತುಂಬ್ಯಾರ."

ಮೊದಲು ನಾಚಿಕೆಯಾಯಿತು, ಅಷ್ಟು ವರ್ಷ ಕೊಚ್ಚಿಕೊಂಡಿದ್ದಕ್ಕೆ. ಆಮೇಲೆ ಕಣ್ಣು ತುಂಬಿ ಬಂತು. ಬೇಡ ಎನ್ನಲಾಗದ ದಾನ, ಕೊಲ್ಲಲಾಗದ ಕೈ, ಬಿಡಲಾಗದ ಬೆಳೆ, ಮೂರನ್ನೂ ಆ ಮನುಷ್ಯ ಒಂದು ಹಿತ್ತಾಳೆ ಚಿಪ್ಪಿನಲ್ಲಿ ಹೊಂದಿಸಿದ್ದರು. ಮಾಡಿದ್ದನ್ನು ಯಾರಿಗೂ ಹೇಳದೆ ಹೋಗಿಬಿಟ್ಟರು. ಹೊಸ ರೈಫಲಿನ ಮಾತನ್ನು ನಾನು ಅಲ್ಲಿ ಎತ್ತಲೇ ಇಲ್ಲ.

ಮಿಸ್ತ್ರಿ ನಳಿಗೆ ಪರೀಕ್ಷಿಸಿ, ಆರೂ ಚಿಪ್ಪುಗಳಿಗೆ ಕಿಡಿ ಹಚ್ಚುವ ಹೊಸ ಕೇಪು ಹಾಕಿ, ಮದ್ದು ತುಂಬಿಕೊಟ್ಟ. ಮೇಲಿನ ಕಾಗದ ಮಾತ್ರ ನಿಮ್ಮ ಮನೆತನದ ಕೆಲಸ, ನೀವೇ ಮಾಡಿ ಎಂದ. ಮನೆಗೆ ಬಂದು ಹಿತ್ತಲ ಮೆಟ್ಟಿಲ ಮೇಲೆ ಕೂತೆ. ಕಿಟಕಿಯ ಕಟ್ಟೆಯ ಮೇಲಿದ್ದ ಹಳೇ ಪಂಚಾಂಗದ ಒಂದು ಹಾಳೆ ಹರಿದು, ಆರು ಚೂರು ಮಾಡಿ, ಮಡಚಿ, ಒತ್ತಿ, ಮೇಣ ಬಳಿದೆ. ಸುಧಾ ಒಲೆಯ ಕಡೆ ಬರಬೇಡಿ ಎಂದು ಬಾಗಿಲು ಹಾಕಿಕೊಂಡಳು.

ಎರಡನೆಯ ದಿನ ಬೆಳಗಿನ ಬಿಸಿಲಿಗೆ ಹುಸೇನಸಾಬನೂ ನಾನೂ ಬದುವಿನ ಮೇಲೆ ನಿಂತಿದ್ದೆವು. ಹಿಂಡು ಬಂತು. ಮುಂದೆ ಕರಿಯ ಗಂಡು, ಅದರ ಕೋಡುಗಳನ್ನು ನೋಡುತ್ತ ನಾನು ಬಂದೂಕನ್ನೇ ಮರೆತಿದ್ದೆ. ಅವನು ಮೊಣಕೈಯಿಂದ ತಿವಿದ. ಆಕಾಶದ ಕಡೆ ನಳಿಗೆ ಎತ್ತಿ, ಕಣ್ಣು ಮುಚ್ಚಿ, ಕುದುರೆ ಎಳೆದೆ. ಕಿವಿ ಗುಂಯ್ ಎಂದಿತು. ಕಣ್ಣು ಬಿಟ್ಟಾಗ ಅವು ಆಳೆತ್ತರ ನೆಗೆಯುತ್ತ ಹಿನ್ನೀರಿನ ಕಡೆ ಹೋಗುತ್ತಿದ್ದವು, ಒಂದೂ ಕುಂಟುತ್ತಿರಲಿಲ್ಲ. ಮನೆಗೆ ಬಂದು ಗೆದ್ದವನ ಹಾಗೆ ನಾಲ್ಕು ರೊಟ್ಟಿ, ಎಣ್ಣೆಗಾಯಿ ಹೊಡೆದೆ. ಸುಧಾಳಿಗೂ ಬಡಿಸಿದೆ.

ಸಂಜೆ ಅವಳು ವಿಠ್ಠಲನ ಗುಡಿಗೆ ಹೋದವಳು ಹೋದ ಹೆಜ್ಜೆಯಲ್ಲೇ ತಿರುಗಿ ಬಂದಳು. ಅಂದು ಏಕಾದಶಿ ಎಂದು ಗುಡಿಯಲ್ಲಿ ಗೊತ್ತಾಯಿತಂತೆ. ನಲವತ್ತು ವರ್ಷದಲ್ಲಿ ಅವಳು ಒಂದು ಏಕಾದಶಿಯನ್ನೂ ತಪ್ಪಿಸಿದವಳಲ್ಲ. ಕಿಟಕಿಯಿಂದ ಪಂಚಾಂಗ ತೆಗೆದಳು, ಪುಟ ತಿರುಗಿಸಿದಳು, ಪುಷ್ಯ ಮಾಸದ ಆ ಹದಿನೈದು ದಿನ ಇರಲೇ ಇಲ್ಲ. ಚಷ್ಮಾ ಇಲ್ಲದೆ ನಾನು ಹರಿದದ್ದು ಈ ವರ್ಷದ ಪಂಚಾಂಗವನ್ನು. ಅವಳು ಪಂಚಾಂಗವನ್ನು ನನ್ನ ಮುಂದಿಟ್ಟು, ಗೋಡೆಯ ಕಡೆ ತಿರುಗಿ ಕೂತಳು. ನಾನು ತಪ್ಪಾಯಿತು ಎಂದರೂ ಅವಳ ಮುಖ ತಿರುಗಲಿಲ್ಲ.

ಆಗ ಹುಸೇನಸಾಬನ ಫೋನು ಬಂತು. ಇಡೀ ದಿನ ಒಂದು ಚಿಗರಿಯೂ ಹೊಲಕ್ಕೆ ಬಾಯಿ ಹಚ್ಚಿಲ್ಲ, ದೂರ ದಿಬ್ಬದ ಮೇಲೆ ಸಾಲಾಗಿ ನಿಂತು ನೋಡುತ್ತಿವೆ ಎಂದ. ಸ್ಪೀಕರಿನಲ್ಲಿ ಅದನ್ನು ಕೇಳುತ್ತ ಸುಧಾಳ ತುಟಿ ಅಲುಗಿತು.

"ಹೋಗ್ಲಿ ಬಿಡ್ರಿ. ನಮ್ಮ ಬದಲಿ ಅವು ಉಪವಾಸ ಮಾಡ್ಯಾವ," ಎಂದಳು. ಸ್ವಲ್ಪ ತಡೆದು, "ಉಪವಾಸ ಮಾಡಿದವರಿಗೆ ನಾಳೆ ಪಾರಣಿ ಮಾಡಸಬೇಕಲ್ಲಾ," ಎಂದೂ ಸೇರಿಸಿದಳು.

ಅವಳು ತಮಾಷೆಗೆ ಅಂದಳೋ ನಿಜಕ್ಕೂ ಅಂದಳೋ ಕೇಳುವ ಧೈರ್ಯ ನನಗಿರಲಿಲ್ಲ. ಹುಸೇನಸಾಬನಿಗೆ ಪಾರಣೆ ಎಂದರೆ ಉಪವಾಸ ಬಿಡುವ ಊಟ ಎಂದು ವಿವರಿಸಿದೆ. ಅವನಿಗೆ ವಿವರಣೆ ಬೇಕಾಗಿರಲಿಲ್ಲ, ದಿನವಿಡೀ ರೋಜಾ ಹಿಡಿದವರ ಮುಂದೆ ಸಂಜೆ ಏನಿಡಬೇಕೆಂದು ಅವನಿಗೆ ಗೊತ್ತು. ಹಿನ್ನೀರಿನ ಕಡೆಯ ಬದುವಿಗೆ ಹತ್ತಿದ ಎರಡು ಸಾಲು ಅವುಗಳಿಗೆ ಎಂದು ತಾನೇ ಗೊತ್ತು ಮಾಡಿದ. ಅಲ್ಲಿ ಮೇಯುವಾಗ ಸದ್ದಿಲ್ಲ, ದಾಟಿ ಬಂದರೆ ನನ್ನ ಬಂದೂಕಿನ ಸದ್ದು. ಹತ್ತು ದಿನದಲ್ಲಿ ಅವಕ್ಕೂ ಲೆಕ್ಕ ತಿಳಿದಂತಿತ್ತು, ಪೂರ್ತಿ ಅಲ್ಲದಿದ್ದರೂ ಮುಕ್ಕಾಲು ಪಾಲು.

ಮೊನ್ನೆ ಕಡಲೆ ಕಾಯಿ ಗಟ್ಟಿಯಾಗಿದೆ ಎಂದು ಒಂದು ಸಿವುಡು ಸುಲಗಾಯಿ, ಎಂದರೆ ಹಸಿ ಕಡಲೆ ಗಿಡದ ಕಟ್ಟು, ಹಿಡಿದುಕೊಂಡು ಹುಸೇನಸಾಬ ಬಂದ. ಟೆಂಪೋದ ಮಾತು ಅವನೂ ಎತ್ತಲಿಲ್ಲ, ನಾನೂ ಕೇಳಲಿಲ್ಲ. ಹೊರಡುವಾಗ ಹೊಸ್ತಿಲಲ್ಲಿ ನಿಂತು ಮುಂದಿನ ಏಕಾದಶಿ ಯಾವಾಗ ಎಂದು ವಿಚಾರಿಸಿದ. ಯಾಕೆಂದರೆ ಹದಿನೈದು ದಿನಕ್ಕೆ ಚಿಗರಿಗಳು ಆ ಸದ್ದನ್ನು ಮರೆಯುತ್ತವಂತೆ, ಏಕಾದಶಿಗೊಮ್ಮೆ ಹೊಡೆದು ನೆನಪಿಸಬೇಕಂತೆ. ನಾನು ಒಂದು ಚೀಟಿಯ ಮೇಲೆ ತಾರೀಖು ಬರೆದುಕೊಟ್ಟೆ. ಅವನು ನೋಡಿ ಚೀಟಿಯನ್ನು ವಾಪಸು ಚಾಚಿದ.

"ಒಂದ ಯಾಕ ಬರದ್ರಿ ಮಾಸ್ತರ್ರ? ಬರೋ ವರ್ಷದ್ದೂ ಎಲ್ಲಾ ಬರದ ಕೊಡ್ರಿ."

ಬರೋ ವರ್ಷದ್ದು ಯುಗಾದಿಗೆ ಕೊಡುತ್ತೇನೆ ಎಂದೆ. ಆ ಮೇಲೆ ನಾನು ಫೋನಿನಲ್ಲಿ ರೈಫಲು ನೋಡಿಲ್ಲ. ಈ ಯುಗಾದಿಗೆ ಮೂರು ಪಂಚಾಂಗ ತರುವುದಿದೆ: ಸುಧಾಳಿಗೆ ಒಂದು, ಹುಸೇನಸಾಬನಿಗೆ ಒಂದು, ಬಂದೂಕಿಗೆ ಒಂದು.