ಬಾಣಂತಿ ಕೋಣೆಯ ಕಪಾಟು

ತೆಲುಗು ಸೀಮೆಯ ಈ ಪಟಾನ್‌ಚೆರುವಿನಲ್ಲಿ ಸಂಜೆ ಕಿಟಕಿ ಮುಚ್ಚುವುದು ನಮಗೆ ದೇವರ ದೀಪ ಹಚ್ಚಿದಷ್ಟೇ ರೂಢಿ. ಆ ಹೊತ್ತಿಗೆ ಕಾರ್ಖಾನೆಗಳ ಕಡೆಯಿಂದ ಕೊಳೆತ ಮೊಟ್ಟೆಯಂಥ ನಾತ ಬರುತ್ತದೆ. ಅದು ಹೊರಗೆ, ನಾವು ಒಳಗೆ ಕ್ಷೇಮ ಎಂದು ಇಪ್ಪತ್ತು ವರ್ಷ ನಂಬಿದ್ದೆ. ಮಗಳು ಚೊಚ್ಚಲ ಹೆರಿಗೆಗೆ ಬರುವ ಸುದ್ದಿ ತಿಳಿದಾಗ ಅದೇ ನಂಬಿಕೆಯಿಂದ ಹಿಂದಿನ ಕೋಣೆಗೆ ಹೊಸ ಬಣ್ಣ ಹೊಡೆಸಿ, ಗೋಡೆಯುದ್ದ ಪ್ಲೈವುಡ್ ಕಪಾಟು ಮಾಡಿಸಲು ಹೊರಟೆ.

ಬಡಿಗ ಕಲಬುರಗಿ ಕಡೆಯವನು. ನಾನು ಕನ್ನಡ ಶಾಲೆಯಲ್ಲಿ ಗಣಿತ ಕಲಿಸಿದವಳೆಂದು ತಿಳಿದ ಮೇಲೆ ‘ಅಕ್ಕಾರ’ ಎಂದೇ ಕರೆಯುತ್ತಿದ್ದ. ಅವನೊಂದಿಗೆ ಹಲಗೆ ಕೊಳ್ಳಲು ಹೋದಾಗ ಅಂಗಡಿಯವನು ಮುದ್ರೆಗಳನ್ನು ತೋರಿಸಿದ: ಇ-ಝೀರೊ, ಇ-ಒನ್, ಇ-ಟು. ಸೊನ್ನೆಯದು ಬೇಕಾದರೆ ಮೂರು ವಾರ ಕಾಯಬೇಕಂತೆ.

“ಸೊನ್ನಿ ತಗೊಂಡವರನ್ನ ನಾ ಬೆಂಚಿನ ಮ್ಯಾಲ ನಿಲ್ಲಸ್ತಿದ್ದೆ. ಎರಡಂದೇ ಕೊಡ್ರಿ” ಎಂದು ನಾನು ನಕ್ಕೆ.

ಬಡಿಗ ನಗಲಿಲ್ಲ. “ಅಕ್ಕಾರ, ಹಲಗಿ ಅಂಟಿನಿಂದ ಏಳೋ ಕೆಟ್ಟ ಗಾಳಿ ಲೆಕ್ಕ ಐತ್ರಿ ಇದು. ನಂಬರ್ ಕಡಿಮಿ ಇದ್ದಷ್ಟು ಚಲೋ. ಎರಡಂದು ಕೊಯ್ಯೂಮುಂದ ನನಗ ಕಣ್ಣು ಉರಿತಾವ್ರಿ.”

ಅಂಗಡಿಯವನೆದುರು ತಪ್ಪೊಪ್ಪಿಕೊಳ್ಳಲು ನನಗೆ ನಾಚಿಕೆ. ಮಗಳ ದಿನಗಳೂ ಹತ್ತಿರ ಬಂದಿದ್ದವು. ಇ-ಟು ಹಲಗೆಯನ್ನೇ ತಂದೆವು. ಕೆಲಸ ಮುಗಿಸಿ ಹೋಗುವಾಗ, ಎರಡು ತಿಂಗಳು ಕಿಟಕಿ ತೆರೆದಿಡಿ ಎಂದು ಅವನು ಕೈಮುಗಿದು ಹೇಳಿದ. “ಈ ಊರಾಗ ಕಿಟಕಿ ತೆಗೀ ಅಂತೀಯಲ್ಲೋ ತಮ್ಮಾ!” ಎಂದು ಅವನನ್ನೇ ಗೇಲಿ ಮಾಡಿದೆ.

ಹೆಣ್ಣು ಕೂಸು ಹುಟ್ಟಿತು. ಬಾಣಂತಿಗೆ ಗಾಳಿ ತಾಗಬಾರದಲ್ಲ, ಕಿಟಕಿ ಬಾಗಿಲು ಭದ್ರ ಮಾಡಿ ಮಂಚದ ಕೆಳಗೆ ಅಗ್ಗಿಷ್ಟಿಕೆ ಇಟ್ಟೆ. ನನ್ನ ಹಳೆಯ ಸೀರೆಗಳನ್ನು ಹರಿದು, ಒಗೆದು, ಕೂಸಿನ ಬಟ್ಟೆ ಮಾಡಿ ಹೊಸ ಕಪಾಟಿನಲ್ಲಿ ಮಡಚಿಟ್ಟಿದ್ದೆ. ನಾಲ್ಕೇ ದಿನಕ್ಕೆ ಕೂಸಿನ ಕಣ್ಣಲ್ಲಿ ನೀರು. ಎರಡು ಗುಟುಕು ಹಾಲು ಕುಡಿಯುವುದು, ಉಸಿರಿಗಾಗಿ ಮೊಲೆ ಬಿಡುವುದು.

“ಅವ್ವಾ, ನನಗೂ ಕಣ್ಣು ಉರ್ಯಾಕತ್ತಾವ” ಎಂದಳು ಮಗಳು.

“ಕಾರ್ಖಾನಿ ಗಾಳಿ ಎಲ್ಲೋ ನುಸಳಾಕತ್ತೈತಿ” ಎಂದು ಕಿಟಕಿಯ ಸಂದುಗಳಿಗೆ ಬಟ್ಟೆ ತುರುಕಿದೆ. ಮೂಗು ಕಟ್ಟಿದೆಯೆಂದು ಕೆಂಡ ಹೆಚ್ಚಿಸಿದೆ. ಕೂಸಿನ ಎದೆ ಸುಯ್ ಸುಯ್ ಎನ್ನತೊಡಗಿತು. ನನಗೆ ಭಯವಾಯಿತು, ಹೆದರಿದಷ್ಟೂ ಇನ್ನಷ್ಟು ಸಂದು ಹುಡುಕಿ ಮುಚ್ಚಿದೆ.

ಕಪಾಟಿನ ಬಾಗಿಲೊಂದು ಜೋತುಬಿದ್ದಿತ್ತು. ಅದನ್ನು ಸರಿಮಾಡಲು ಬಡಿಗ ಬಂದ ದಿನ ಮಗಳು ಸ್ನಾನಕ್ಕೆ ಹೋಗಿದ್ದಳು, ಕೂಸು ನನ್ನ ತೊಡೆಯ ಮೇಲಿತ್ತು. ಕಪಾಟು ತೆರೆದವನೇ ಎರಡು ಹೆಜ್ಜೆ ಹಿಂದೆ ಸರಿದು ಕಣ್ಣೊರೆಸಿಕೊಂಡ. ಕೂಸಿನ ಬಟ್ಟೆಯೊಂದನ್ನು ಮೂಸಿ ನನ್ನ ಕೈಗಿತ್ತ.

“ನಾತ ಹೊರಗಿಂದಲ್ರಿ ಅಕ್ಕಾರ.”

ಮೂಸಿದೆ. ಮೂಗಿನೊಳಗೆ ಸೂಜಿ ಚುಚ್ಚಿದಂತಾಯಿತು. ಅಂಥದೇ ಬಟ್ಟೆಯಲ್ಲಿ ಕೂಸನ್ನು ನಾನೇ ಸುತ್ತಿಟ್ಟಿದ್ದೆ. ಬೇಲಿಯೇ ಎದ್ದು ಹೊಲ ಮೇಯ್ದಿತ್ತು.

ಬಟ್ಟೆ ಕಿತ್ತೊಗೆದು, ಕೂಸನ್ನು ನನ್ನ ಸೆರಗಿನಲ್ಲಿ ಸುತ್ತಿಕೊಂಡು ಅಂಗಳಕ್ಕೆ ಓಡಿದೆ. ಇಪ್ಪತ್ತು ವರ್ಷ ಬಾಗಿಲಾಚೆ ನಿಲ್ಲಿಸಿದ್ದ ಅದೇ ಗಾಳಿಯಲ್ಲಿ ಕೂಸು ಸೀನಿತು, ಅತ್ತಿತು, ಮೆಲ್ಲಗೆ ಸರಾಗವಾಗಿ ಉಸಿರಾಡತೊಡಗಿತು. ಡಾಕ್ಟರು ಎದೆ ಪರೀಕ್ಷಿಸಿ, ಆ ಕೋಣೆ ಬಿಡಿಸಿ, ಮುಂದೆ ನೋಡೋಣ ಎಂದರು. ಮೊಮ್ಮಗಳಿಗೀಗ ಮೂರು ವರ್ಷ. ಚಳಿಗಾಲದಲ್ಲಿ ಅವಳ ಎದೆ ಇನ್ನೂ ಸುಯ್ಗುಡುತ್ತದೆ. ಮಗಳು ಬಂದಾಗಲೆಲ್ಲ ಮೊದಲು ಕಿಟಕಿ ತೆರೆಯುತ್ತಾಳೆ. ಬೈದಿದ್ದರೆ ಚೆನ್ನಾಗಿತ್ತು.

ಆಗ, ಡಾಕ್ಟರಿಗೆ ತೋರಿಸಿದ ಮರುದಿನ, ಕಪಾಟು ಕೀಳಿಸಿದ ಸಂಜೆ ಬಡಿಗ ಹಲಗೆಗಳನ್ನು ಅಂಗಳಕ್ಕೆ ತಂದು ನಿಲ್ಲಿಸಿ ಕೇಳಿದ: “ಇವ್ನ ಒಗೀತೀರೇನ್ರಿ? ನಮ್ಮ ಶೆಡ್ಡಿಗಿ ಬಾಗಲಿಲ್ರಿ. ನಮ್ಮನ್ಯಾಗೂ ಎರಡು ತಿಂಗಳ ಕೂಸೈತಿ, ಗಾಳಿ ಬಡೀತೈತಿ.”

“ಇದರಾಗ ಕೆಟ್ಟ ಗಾಳಿ ಐತಿ ಅಂತ ನೀನೇ ಹೇಳಿದ್ದೆಲ್ಲೋ ತಮ್ಮಾ.”

“ನಾಕ ದಿನ ಬಿಸಲಾಗ ಇಡ್ತೀನ್ರಿ. ನಮಗ ರೂಢಿ ಐತಿ.”

ಬೇಡ ಎನ್ನಬೇಕಿತ್ತು. ಒಂದು ತಗಡಿನ ಬಾಗಿಲು ಕೊಡಿಸುವುದು ನನಗೇನೂ ಕಷ್ಟವಿರಲಿಲ್ಲ. ಆದರೆ ಆ ಹಲಗೆಗಳು ಕತ್ತಲಾಗುವ ಮುಂಚೆ ನನ್ನ ಅಂಗಳದಿಂದ ತೊಲಗಿದರೆ ಸಾಕಾಗಿತ್ತು. ಅವನು ಕೈಗಾಡಿ ತಂದ. ಹಲಗೆಯ ಇನ್ನೊಂದು ತುದಿ ಹಿಡಿದು ನಾನೇ ಎತ್ತಿಕೊಟ್ಟೆ.